ಮಂಗಳನ ಮೇಲೆ ಗೆರೆಗಳನ್ನು ಕಂಡ ಸ್ಕಿಯಾಪರೆಲ್ಲಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಒಬ್ಬ ವಿಜ್ಞಾನಿಯ ಜೀವನವನ್ನು ಪರಿಚಯಿಸಲು ಇಷ್ಟಪಡುತ್ತೇನೆ. ಇವರು ಇಂಜಿನಿಯರಿಂಗ್ ಓದಿ, ಸ್ವಲ್ಪ ಕಾಲ ಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದು, ಆಮೇಲೆ ಆಕಾಶವನ್ನೇ ತಮ್ಮ ಕೆಲಸ ಮಾಡಿಕೊಂಡವರು. ಹೆಸರು ಜಿಯೊವಾನ್ನಿ ಸ್ಕಿಯಾಪರೆಲ್ಲಿ. ಮಂಗಳ ಗ್ರಹದಲ್ಲಿ ಮನುಷ್ಯರಂಥವರು ಇದ್ದಾರೆಂಬ ಮಾತನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಆ ಮಾತು ಊರೂರಿಗೆ ಹಬ್ಬಲು ಇವರು ಬಳಸಿದ ಒಂದೇ ಒಂದು ಪದ ದೊಡ್ಡ ಕಾರಣವಾಯಿತು.

ಸ್ಕಿಯಾಪರೆಲ್ಲಿ ಹುಟ್ಟಿದ್ದು 1835ರ ಮಾರ್ಚ್ 14ರಂದು, ಉತ್ತರ ಇಟಲಿಯ ಸವಿಲ್ಯಾನೊ ಎಂಬ ಸಣ್ಣ ಪಟ್ಟಣದಲ್ಲಿ. ಏಳನೆಯ ವಯಸ್ಸಿನಲ್ಲಿ, 1842ರ ಜುಲೈ 8ರ ಬೆಳಗ್ಗೆ, ಮನೆಯಿಂದಲೇ ಪೂರ್ಣ ಸೂರ್ಯಗ್ರಹಣವನ್ನು ಕಂಡರು. ಊರಿನ ಪಾದ್ರಿಯೊಬ್ಬರು ಚರ್ಚಿನ ಗೋಪುರದಿಂದ ದೂರದರ್ಶಕದಲ್ಲಿ ಗ್ರಹಗಳನ್ನು ತೋರಿಸಿದರು. ಹೀಗೆ ಬಾಲ್ಯದಲ್ಲಿ ಹತ್ತಿದ ಹುಚ್ಚು ಕೊನೆಯವರೆಗೂ ಬಿಡಲಿಲ್ಲ.

1854ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು. ನೀರು ಹರಿಸುವ ವಿದ್ಯೆಯೂ ಅವರ ಓದಿನಲ್ಲಿ ಸೇರಿತ್ತು. ಕೆಲಕಾಲ ಗಣಿತ ಪಾಠ ಮಾಡಿದ ಮೇಲೆ, ಸರ್ಕಾರದ ನೆರವಿನಿಂದ ಮೊದಲು ಬರ್ಲಿನ್‌ನಲ್ಲಿ, ನಂತರ ರಷ್ಯಾದ ಪುಲ್ಕೊವೊ ವೀಕ್ಷಣಾಲಯದಲ್ಲಿ ಖಗೋಳಶಾಸ್ತ್ರ ಕಲಿತರು. 1860ರಲ್ಲಿ ಮಿಲಾನ್ ನಗರದ ಬ್ರೆರಾ ವೀಕ್ಷಣಾಲಯ ಸೇರಿದರು. ಮರುವರ್ಷವೇ ಹೆಸ್ಪೀರಿಯಾ ಎಂಬ ಕ್ಷುದ್ರಗ್ರಹವನ್ನು ಪತ್ತೆ ಮಾಡಿದರು. 1862ರಲ್ಲಿ ಅಲ್ಲಿಯ ನಿರ್ದೇಶಕರಾಗಿ 38 ವರ್ಷ ದುಡಿದರು.

ಅವರ ಮೊದಲ ದೊಡ್ಡ ಸಾಧನೆ ಮಂಗಳಕ್ಕೆ ಸಂಬಂಧಿಸಿದ್ದಲ್ಲ, ಉಲ್ಕೆಗಳಿಗೆ ಸಂಬಂಧಿಸಿದ್ದು. ಪ್ರತಿವರ್ಷ ಆಗಸ್ಟ್‌ನಲ್ಲಿ ಕಾಣುವ ಪರ್ಸೀಡ್ ಉಲ್ಕಾವೃಷ್ಟಿಯ ದಾರಿಯೂ 1862ರಲ್ಲಿ ಬಂದುಹೋದ ಒಂದು ಧೂಮಕೇತುವಿನ ದಾರಿಯೂ ಒಂದೇ ಎಂದು ಅವರು 1866ರಲ್ಲಿ ಲೆಕ್ಕಹಾಕಿ ತೋರಿಸಿದರು. ಧೂಮಕೇತು ಉದುರಿಸಿಹೋದ ದೂಳೇ ಉಲ್ಕೆಗಳಾಗಿ ಉರಿಯುತ್ತದೆಂದು ಇಂದು ನಮ್ಮ ಮಕ್ಕಳು ಓದುವ ಪಾಠಕ್ಕೆ ಆ ಲೆಕ್ಕವೇ ತಳಹದಿ.

1877ರಲ್ಲಿ ಮಂಗಳ ಗ್ರಹ ಭೂಮಿಗೆ ಬಹಳ ಹತ್ತಿರ ಬಂತು. ಹತ್ತಿರವೆಂದರೂ ಸುಮಾರು 5 ಕೋಟಿ 60 ಲಕ್ಷ ಕಿಲೋಮೀಟರ್ ದೂರ. ಸ್ಕಿಯಾಪರೆಲ್ಲಿಯವರ ಕೈಯಲ್ಲಿದ್ದದ್ದು ಸುಮಾರು 22 ಸೆಂಟಿಮೀಟರ್ ಅಗಲದ ಮಸೂರದ ದೂರದರ್ಶಕ. ರಾತ್ರಿಗಟ್ಟಲೆ ಕುಳಿತು, ಗಾಳಿ ಅಲುಗದ ಕ್ಷಣಕ್ಕಾಗಿ ಕಾಯುತ್ತ, ಕಂಡದ್ದನ್ನು ಅಳೆದು ಮಂಗಳದ ನಕ್ಷೆ ಬರೆದರು. ಹಳೆಯ ಭೂಗೋಳದಿಂದಲೂ ಪುರಾಣಗಳಿಂದಲೂ ಹೆಸರು ಆಯ್ದು ಅಲ್ಲಿಯ ಜಾಗಗಳಿಗೆ ಇಟ್ಟರು. ಹೆಲ್ಲಾಸ್, ಎಲಿಸಿಯಮ್, ಕ್ರೈಸಿ ಮುಂತಾದ ಆ ಹೆಸರುಗಳನ್ನು ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

ಆ ನಕ್ಷೆಯಲ್ಲಿ ಕಪ್ಪು ಪ್ರದೇಶಗಳನ್ನು ಜೋಡಿಸುವ ಸಣ್ಣ ಗೆರೆಗಳಿದ್ದವು. ಅವುಗಳಿಗೆ ಅವರು ಇಟಾಲಿಯನ್ ಭಾಷೆಯಲ್ಲಿ 'ಕನಾಲಿ' ಎಂದರು. ನಮ್ಮೂರಲ್ಲಿ ತೋಡಿದ್ದು ಕಾಲುವೆ, ತಾನಾಗಿ ಹರಿದದ್ದು ಹಳ್ಳ. ಈ ವ್ಯತ್ಯಾಸವನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇಟಾಲಿಯನ್ನಿನ ಆ ಪದ ಎರಡಕ್ಕೂ ನಡೆಯುತ್ತದೆ. ಇಂಗ್ಲಿಷಿಗೆ ಹೋಗುವಾಗ ಅದು 'ಕೆನಾಲ್' ಆಯಿತು, ಅಂದರೆ ತೋಡಿದ ಕಾಲುವೆ. ಸೂಯೆಜ್ ಕಾಲುವೆ ತೆರೆದು ಆಗಿನ್ನೂ ಎಂಟೇ ವರ್ಷವಾಗಿತ್ತು. ಮನುಷ್ಯ ಮರುಭೂಮಿಯಲ್ಲಿ ಅಷ್ಟು ದೊಡ್ಡ ಕಾಲುವೆ ತೋಡಿದ ಮೇಲೆ ಮಂಗಳದವರು ಯಾಕೆ ತೋಡಬಾರದು ಎಂದು ಜನ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಶ್ರೀಮಂತ ಪರ್ಸಿವಲ್ ಲೋವೆಲ್ ಇದನ್ನು ಪೂರ್ತಿಯಾಗಿ ನಂಬಿದರು. 1894ರಲ್ಲಿ ಅರಿಜೋನಾದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ, ಒಣಗುತ್ತಿರುವ ಗ್ರಹದ ಬುದ್ಧಿವಂತ ಜೀವಿಗಳು ಧ್ರುವದ ಹಿಮದ ನೀರನ್ನು ಹೊಲಗಳಿಗೆ ತರುತ್ತಿದ್ದಾರೆಂದು ಪುಸ್ತಕಗಳನ್ನೇ ಬರೆದರು. ಸ್ಕಿಯಾಪರೆಲ್ಲಿ ಅಷ್ಟು ದೂರ ಹೋಗಲಿಲ್ಲ. ಅವು ಪ್ರಕೃತಿಯೇ ಮಾಡಿದ ನೀರಿನ ಹಾದಿಗಳಿರಬಹುದೆಂದು ತಿಳಿದಿದ್ದರು, ಆದರೆ ಬೇರೆ ಸಾಧ್ಯತೆಯ ಬಾಗಿಲನ್ನೂ ಪೂರ್ತಿ ಮುಚ್ಚಲಿಲ್ಲ. ಹಾಗೆಂದು ತಪ್ಪೆಲ್ಲ ಅನುವಾದಕರದೇ ಎನ್ನುವುದು ನ್ಯಾಯವಲ್ಲ. ಅವರ ಮುಂದಿನ ನಕ್ಷೆಗಳಲ್ಲಿ ಗೆರೆಗಳು ಹೆಚ್ಚು ಹೆಚ್ಚು ನೇರವಾದವು, ಕೆಲವು ಜೋಡಿಗೆರೆಗಳೂ ಆದವು. ಅಂಥ ಗೆರೆಗಳು ಅಲ್ಲಿ ಇರಲೇ ಇಲ್ಲ.

ಇಷ್ಟು ಜಾಗರೂಕ ವೀಕ್ಷಕರಿಗೆ ಹೀಗೇಕಾಯಿತು? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಶಾಲೆಯಲ್ಲಿ. 1903ರಲ್ಲಿ ಖಗೋಳ ವಿಜ್ಞಾನಿ ಮಾಂಡರ್ ಮತ್ತು ಒಬ್ಬ ಮುಖ್ಯೋಪಾಧ್ಯಾಯರು ಸೇರಿ ಇಂಗ್ಲೆಂಡಿನ ಗ್ರೀನಿಚ್‌ನ ಶಾಲೆಯ ಹುಡುಗರ ಮುಂದೆ ಮಂಗಳದಂಥ ಚಿತ್ರವನ್ನು ಇಟ್ಟು, ಕಂಡಂತೆ ಬರೆಯಲು ಹೇಳಿದರು. ನಿಜವಾದ ಗೆರೆಗಳಿಲ್ಲದೆ ಬರೀ ಚುಕ್ಕೆ, ಕಲೆಗಳಿದ್ದ ಚಿತ್ರವನ್ನು ಸ್ವಲ್ಪ ದೂರದಿಂದ ನೋಡಿದ ಹುಡುಗರಲ್ಲಿ ಹಲವರು ನೇರ ಗೆರೆ ಎಳೆದಿದ್ದರು. ಸ್ಪಷ್ಟವಾಗಿ ಕಾಣದ ಚುಕ್ಕೆಗಳನ್ನು ಕಣ್ಣೂ ಮಿದುಳೂ ತಾವಾಗಿಯೇ ಜೋಡಿಸಿಕೊಳ್ಳುತ್ತವೆ. 1909ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನ 83 ಸೆಂಟಿಮೀಟರ್ ದೂರದರ್ಶಕದಲ್ಲಿ ಆಂಟೊನಿಯಾಡಿ ನೋಡಿದಾಗ ಗೆರೆಗಳ ಜಾಗದಲ್ಲಿ ಬಿಡಿಬಿಡಿ ಕಲೆಗಳೇ ಕಂಡವು.

ಆ ಹೊತ್ತಿಗೆ ಸ್ಕಿಯಾಪರೆಲ್ಲಿಯವರ ದೃಷ್ಟಿ ಕುಂದಿತ್ತು. 1900ರಲ್ಲಿ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಬ್ಯಾಬಿಲೋನಿಯರ, ಹೀಬ್ರೂಗಳ ಪ್ರಾಚೀನ ಖಗೋಳ ಜ್ಞಾನವನ್ನು ಅಧ್ಯಯನ ಮಾಡಿ ಬರೆದರು. 1910ರ ಜುಲೈ 4ರಂದು ಮಿಲಾನ್‌ನಲ್ಲಿ ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1965ರಲ್ಲಿ ಮ್ಯಾರಿನರ್ 4 ನೌಕೆ ತೆಗೆದ ಫೋಟೋಗಳಲ್ಲಿ ಕಾಲುವೆಗಳಿರಲಿಲ್ಲ, ಚಂದ್ರನ ಮೇಲಿರುವಂಥ ಕುಳಿಗಳಿದ್ದವು. ಮಂಗಳ ಸತ್ತ ಗ್ರಹವೆಂದು ಹಲವರು ನಿರಾಶರಾದರು. 1971ರ ನವೆಂಬರ್‌ನಲ್ಲಿ ಮ್ಯಾರಿನರ್ 9 ಅಲ್ಲಿಗೆ ತಲುಪಿದಾಗ ಇಡೀ ಗ್ರಹವನ್ನು ದೂಳಿನ ಬಿರುಗಾಳಿ ಮುಚ್ಚಿತ್ತು. ದೂಳು ಇಳಿದ ಮೇಲೆ ಕಂಡದ್ದು 4,000 ಕಿಲೋಮೀಟರ್ ಉದ್ದದ, ಕೆಲವೆಡೆ 7 ಕಿಲೋಮೀಟರ್ ಆಳದ ಕಣಿವೆ. ನಮ್ಮ ದೇಶದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹಾಸಿದರೂ ಅದು ಮಿಗುತ್ತದೆ. ನೌಕೆಯ ನೆನಪಿಗೆ ಅದಕ್ಕೆ ವ್ಯಾಲಿಸ್ ಮ್ಯಾರಿನೆರಿಸ್ ಎಂದು ಹೆಸರಾಯಿತು. ಅದು ಮುಖ್ಯವಾಗಿ ನೆಲ ಬಿರಿದು ಆದದ್ದು, ಆಮೇಲೆ ದಡಗಳು ಕುಸಿದು ಅಗಲವಾದದ್ದು. ಆದರೆ ಅದರ ಪೂರ್ವದ ತುದಿಯಿಂದ ಕ್ರೈಸಿ ಬಯಲಿನ ಕಡೆಗೆ ಪ್ರಾಚೀನ ಮಹಾಪ್ರವಾಹಗಳು ಕೊರೆದ ಹಾದಿಗಳಿವೆ. ಬೇರೆಡೆ ಕವಲೊಡೆದ ಒಣ ನದಿಪಾತ್ರಗಳೂ ಸಿಕ್ಕಿವೆ. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ನೀರು ಹರಿದಿತ್ತು. ಅಂದರೆ ಮಂಗಳದಲ್ಲಿ ಕಾಲುವೆ ಇಲ್ಲ, ಹಳ್ಳಗಳು ನಿಜವಾಗಿಯೂ ಇವೆ! ಸ್ಕಿಯಾಪರೆಲ್ಲಿ ಎಳೆದ ಗೆರೆಗಳಲ್ಲಿ ಬಹುಪಾಲು ಸುಳ್ಳಾದರೂ, ಅವರು ಅಗಾಥೊಡೀಮನ್ ಎಂದು ಕರೆದ ಒಂದು ಗೆರೆ ಮಾತ್ರ ಈ ಮಹಾಕಣಿವೆಯ ಜಾಗದಲ್ಲೇ ಇದೆ.

ನಮ್ಮ ಮಂಗಳಯಾನವೂ 2015ರಲ್ಲಿ ಈ ಕಣಿವೆಯ ಭಾಗವಾದ ಓಫಿರ್ ಕಮರಿಯ ಚಿತ್ರ ತೆಗೆದಿದೆ. ಮಂಗಳಯಾನದ ಸಂಕೇತಗಳನ್ನು ಹಿಡಿದದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದ ದೊಡ್ಡ ಆಂಟೆನಾ.

ಸಾಫ್ಟ್‌ವೇರ್ ಕೆಲಸದವನಾದ ನನಗೆ ಇನ್ನೊಂದು ಘಟನೆ ಮುಖ್ಯವೆನಿಸುತ್ತದೆ. 2016ರ ಅಕ್ಟೋಬರ್ 19ರಂದು ಯುರೋಪಿನವರು ಸ್ಕಿಯಾಪರೆಲ್ಲಿ ಹೆಸರಿನ ನೌಕೆಯನ್ನು ಮಂಗಳದಲ್ಲಿ ಇಳಿಸಲು ಹೊರಟರು. ಪ್ಯಾರಾಚೂಟ್ ಬಿಚ್ಚಿದಾಗ ನೌಕೆ ನಿರೀಕ್ಷೆಗಿಂತ ಜೋರಾಗಿ ತಿರುಗಿತು. ಅದನ್ನು ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡ್ ತನ್ನ ಗರಿಷ್ಠ ಅಂಕಿಯಲ್ಲೇ ನಿಂತುಬಿಟ್ಟಿತು. ಅದನ್ನು ನಂಬಿದ ಕಂಪ್ಯೂಟರ್, ನೌಕೆ ನೆಲಕ್ಕಿಂತ ಕೆಳಗಿದೆ ಎಂದು ಲೆಕ್ಕಹಾಕಿತು. ನಿಜವಾಗಿ ಅದು ಇನ್ನೂ 3.7 ಕಿಲೋಮೀಟರ್ ಎತ್ತರದಲ್ಲಿತ್ತು. ಪ್ಯಾರಾಚೂಟ್ ಕಳಚಿತು, ವೇಗ ತಗ್ಗಿಸುವ ಇಂಜಿನ್ ಬೇಗನೆ ನಿಂತಿತು, ನೌಕೆ ನೆಲಕ್ಕೆ ಅಪ್ಪಳಿಸಿ ನಾಶವಾಯಿತು.

ಕಣ್ಣಾಗಲಿ ಯಂತ್ರವಾಗಲಿ, ಕೊಟ್ಟ ಮಾಹಿತಿಯನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸದೆ ಒಪ್ಪಬಾರದು. ಸ್ಕಿಯಾಪರೆಲ್ಲಿ ತಪ್ಪಿದರು, ಆದರೆ ತಾವು ಕಂಡದ್ದನ್ನು ಅಳತೆ, ದಿನಾಂಕಗಳ ಸಮೇತ ಬರೆದಿಟ್ಟರು. ಆದ್ದರಿಂದಲೇ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು. ಇಂದು ಮೊಬೈಲಿನಲ್ಲಿ ಬಂದ ಮಾತನ್ನು ಕ್ಷಣದಲ್ಲಿ ಹತ್ತು ಜನಕ್ಕೆ ಕಳಿಸುವ ನಮಗೆಲ್ಲ, ಹಿರಿಯರಿಗೂ ಸೇರಿಸಿ, ಈ ಪಾಠ ಬೇಕಾಗಿದೆ. ನಮ್ಮ ಶಾಲೆಯ ಮಕ್ಕಳು ಆಕಾಶ ನೋಡಲಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಲಿ, ಮೇಷ್ಟರನ್ನು ಧೈರ್ಯವಾಗಿ ಪ್ರಶ್ನೆ ಕೇಳಲಿ ಎಂದು ಹಾರೈಸುತ್ತೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್