ಗೋಲಿ ಸೋಡಾದ ಗ್ಯಾಸಿನ ಹಿಂದೆ ಒಬ್ಬ ಪಾದ್ರಿ: ಬಿಯರ್ ಭಟ್ಟಿ ಮಗ್ಗುಲ ಮನೆಯ ಜೋಸೆಫ್ ಪ್ರೀಸ್ಟ್ಲಿ ಕಥೆ

ಹುಬ್ಬಳ್ಳಿ: ಬೇಸಿಗೆ ಬಂತಂದ್ರ ದುರ್ಗದಬೈಲ್ ಕಡೆ ಸಂತಿಗೆ ಹೋದವರು ಒಂದು ಲಿಂಬು ಸೋಡಾ ಕುಡಿಯದೇ ಮನೆಗೆ ಬರೋದು ಕಡಿಮೆ. ಬಾಟಲಿ ಬಾಯಾಗಿನ ಗೋಲಿ ಒತ್ತಿದ ಕೂಡಲೇ ಟಸ್ ಅಂತ ಸಪ್ಪಳ, ಮೂಗಿಗೆ ಏರೋ ಗ್ಯಾಸು. ಈ ಗ್ಯಾಸನ್ನು ನೀರಿಗೆ ತುಂಬಿಸೋ ದಾರಿ ತೋರಿಸಿದವನು ವ್ಯಾಪಾರಸ್ಥ ಅಲ್ಲ, ಡಾಕ್ಟರೂ ಅಲ್ಲ. ಮಾತಾಡುವಾಗ ತೊದಲುತ್ತಿದ್ದ ಒಬ್ಬ ಬಡ ಪಾದ್ರಿ. ಹೆಸರು ಜೋಸೆಫ್ ಪ್ರೀಸ್ಟ್ಲಿ.

1733ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಲೀಡ್ಸ್ ಪಟ್ಟಣದ ಸಮೀಪದ ಹಳ್ಳಿಯಲ್ಲಿ ಅವನು ಹುಟ್ಟಿದ. ತಂದೆ ಜೋನಾಸ್, ನೇಯ್ದ ಬಟ್ಟೆಗೆ ಕೊನೆಯ ಹದ ಕೊಡುವ ಕೆಲಸದವನು. ಹುಡುಗನಿಗೆ ಆರೇಳು ವರ್ಷ ಇರುವಾಗಲೇ ತಾಯಿ ತೀರಿಕೊಂಡಳು. ಮುಂದೆ ಸೋದರತ್ತೆ ಮನೆಯಲ್ಲಿ ಬೆಳೆದ. ಅವರ ಮನೆತನ ಸರ್ಕಾರಿ ಚರ್ಚಿಗೆ ಸೇರದ ಪಂಥದ್ದು. ಹಂಗಾಗಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಬಾಗಿಲು ಅವನಿಗೆ ತೆರೆಯಲಿಲ್ಲ. ಡ್ಯಾವೆಂಟ್ರಿಯ ಸಣ್ಣ ಅಕಾಡೆಮಿಯಲ್ಲಿ ಓದಿ ಪಾದ್ರಿಯಾದ. ತೊದಲು ಮಾತಿನ ಉಪದೇಶ ಮೊದಮೊದಲು ಮಂದಿಗೆ ಹಿಡಿಸಲಿಲ್ಲ. ಸಾಲಿ ನಡೆಸಿದ, ಭಾಷೆ ಕಲಿಸಿದ. 1762ರಲ್ಲಿ ಮೇರಿ ವಿಲ್ಕಿನ್ಸನ್ ಜೊತೆ ಮದುವೆ ಆಯಿತು. ಬೆಂಜಮಿನ್ ಫ್ರಾಂಕ್ಲಿನ್ ಗೆಳೆತನದಿಂದ ವಿದ್ಯುತ್ತಿನ ಇತಿಹಾಸ ಬರೆದು 1767ರಲ್ಲಿ ಪ್ರಕಟಿಸಿದ.

ಭಟ್ಟಿ ಮಗ್ಗುಲ ಮನೆ

ಅದೇ 1767ರಲ್ಲಿ ಲೀಡ್ಸ್‌ಗೆ ಬಂದಾಗ ಸಿಕ್ಕ ಮನೆ ಬಿಯರ್ ಭಟ್ಟಿಯ ಮಗ್ಗುಲಿಗೇ ಇತ್ತು. ದೋಸೆ ಹಿಟ್ಟು ಹುದುಗು ಬಂದಾಗ ಗುಳ್ಳೆ ಏಳೋದನ್ನ ನಾವೆಲ್ಲ ನೋಡೀವಿ. ಬಾರ್ಲಿ ರಸಕ್ಕೆ ಯೀಸ್ಟ್ ಬಿದ್ದಾಗಲೂ ಹಂಗೇ, ಸಕ್ಕರೆ ಅಂಶ ಮದ್ಯವಾಗಿ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಇದು ಗಾಳಿಗಿಂತ ಭಾರ, ತೊಟ್ಟಿಯ ಮೇಲೆ ಕಾಣದ ಹೊದಿಕೆಯಂತೆ ನಿಲ್ಲುತ್ತದೆ. ಪ್ರೀಸ್ಟ್ಲಿ ಅದರೊಳಗೆ ಉರಿಯುವ ಮೇಣದಬತ್ತಿ ಹಿಡಿದ, ಆರಿಹೋಯಿತು. ಎರಡು ಪಾತ್ರೆ ತಗೊಂಡು ತೊಟ್ಟಿಯ ಮೇಲೆಯೇ ನೀರನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರಿದ, ಚಹಾ ಆರಿಸಿದಂಗ. ಕುಡಿದು ನೋಡಿದರೆ ನೀರಿಗೆ ಹಿತವಾದ ಚುರುಕು ಬಂದಿತ್ತು.

ಆದರೆ ಆ ಚುರುಕು ಮೆತ್ತಗಿತ್ತು. ಕಾರಣ ಸರಳ. ಮಾಮೂಲಿ ಗಾಳಿಯ ಒತ್ತಡದಲ್ಲಿ, 15 ಡಿಗ್ರಿ ತಂಪಿನ ಒಂದು ಲೀಟರ್ ನೀರು ಸುಮಾರು ಒಂದು ಲೀಟರ್ ಗ್ಯಾಸನ್ನಷ್ಟೇ ಹಿಡಿದುಕೊಳ್ಳುತ್ತದೆ. ಲಾಗರ್ ಬಿಯರಿಗೆ ಲೀಟರಿಗೆ ಎರಡೂವರೆ ಲೀಟರ್ ಗ್ಯಾಸಾದರೂ ಬೇಕು. ಅದಕ್ಕೇ ಇಂದು ಲಾಗರನ್ನು ವಾರಗಟ್ಟಲೆ ಮಂಜಿನಷ್ಟು ತಂಪಿನಲ್ಲಿ ಇಟ್ಟು ಹದಗೊಳಿಸುತ್ತಾರೆ. ಯೀಸ್ಟ್ ತಳಕ್ಕೆ ಕೂರುತ್ತದೆ, ರುಚಿ ತಿಳಿಯಾಗುತ್ತದೆ. ಆಮೇಲೆ ಕೆಗ್ ಎಂಬ ಸ್ಟೀಲ್ ಪೀಪಾಯಿಯಲ್ಲಿ 3-4 ಡಿಗ್ರಿ ತಂಪಿನಲ್ಲಿಟ್ಟು, ಸಿಲಿಂಡರಿನಿಂದ 10ರಿಂದ 12 ಪಿಎಸ್ಐ ಒತ್ತಡ ಕೊಟ್ಟರೆ ಒಂದು ವಾರದಲ್ಲಿ ಗ್ಯಾಸ್ ಸಮ ಆಗುತ್ತದೆ. ತಂಪು ಹೆಚ್ಚಾದಷ್ಟು, ಒತ್ತಡ ಹೆಚ್ಚಾದಷ್ಟು ಗ್ಯಾಸ್ ಜಾಸ್ತಿ ಕರಗುತ್ತದೆ. ಬಿಸಿಲಲ್ಲಿಟ್ಟ ಸೋಡಾ ಬಾಟಲಿ ತೆರೆದರೆ ಉಕ್ಕಿ ಹರಿಯೋದು, ತಣ್ಣಗಿದ್ದದ್ದು ಸುಮ್ಮನಿರೋದು ಇದಕ್ಕೇ ನೋಡ್ರಿ. ಒತ್ತಡದ ಈ ಲೆಕ್ಕವನ್ನು ವಿಲಿಯಂ ಹೆನ್ರಿ ಹೇಳಿದ್ದು 1803ರಲ್ಲಿ. (ನಮ್ಮಲ್ಲಿ ಲೈಸನ್ಸ್ ಇಲ್ಲದೆ ಬಿಯರ್ ತಯಾರಿಸೋದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ನೆನಪಿರಲಿ.)

ಲಾಭ ಬೇರೆಯವರಿಗೆ

1772ರಲ್ಲಿ ಪ್ರೀಸ್ಟ್ಲಿ ಸಣ್ಣ ಪುಸ್ತಿಕೆ ಬರೆದು ಗುಟ್ಟನ್ನೆಲ್ಲ ಬಿಚ್ಚಿಟ್ಟ. ಸೀಮೆಸುಣ್ಣಕ್ಕೆ ಗಂಧಕಾಮ್ಲ ಹಾಕಿ ಗ್ಯಾಸ್ ಎಬ್ಬಿಸಿ, ಚರ್ಮದ ಚೀಲದ ಮೂಲಕ ನೀರಿಗೆ ಬಿಡುವ ವಿಧಾನ. ಪೇಟೆಂಟ್ ಮಾಡಿಸಲಿಲ್ಲ, ರೊಕ್ಕ ಕೇಳಲಿಲ್ಲ. ಹಡಗಿನವರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗಕ್ಕೆ ಇದು ಮದ್ದಾಗಲಿ ಎಂಬುದು ಅವನ ಆಸೆ. ಕ್ಯಾಪ್ಟನ್ ಕುಕ್‌ನ ಎರಡನೇ ಯಾನಕ್ಕೂ ಈ ಸಲಕರಣೆ ಹೋಯಿತು. ಆದರೆ ಆ ಲೆಕ್ಕ ತಪ್ಪಿತ್ತು. ಸ್ಕರ್ವಿಗೆ ಬೇಕಾದದ್ದು ವಿಟಮಿನ್ ಸಿ. ಲಿಂಬು ಸೋಡಾದಲ್ಲಿ ಮದ್ದು ಇರೋದು ಲಿಂಬಿಯಲ್ಲಿ, ಸೋಡಾದಲ್ಲಿ ಅಲ್ಲ.

1773ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಿಕ್ಕಿತು. ರೊಕ್ಕ ಮಾಡಿದವರು ಬೇರೆ. ಜೇಕಬ್ ಶ್ವೆಪ್ 1783ರಲ್ಲಿ ಜಿನೀವಾದಲ್ಲಿ ಸೋಡಾ ಕಂಪನಿ ತೆಗೆದ, 1792ರಲ್ಲಿ ಲಂಡನ್ನಿಗೂ ಬಂದ. ಗ್ಯಾಸಿನ ಒತ್ತಡದಿಂದಲೇ ಗೋಲಿ ಮೇಲೇರಿ ರಬ್ಬರ್ ವಾಷರಿಗೆ ಒತ್ತಿ ಕೂರುವ ಬಾಟಲಿಗೆ ಹಿರಾಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ. ನಮ್ಮ ಗೋಲಿ ಸೋಡಾ ಬಾಟಲಿ ಅದೇ. ಪೆನ್ಸಿಲ್ ಗುರುತು ಅಳಿಸಲು ರಬ್ಬರ್ ಚಲೋ ಅಂತ 1770ರಲ್ಲೇ ಬರೆದಿಟ್ಟವನೂ ಪ್ರೀಸ್ಟ್ಲಿಯೇ.

1774ರ ಆಗಸ್ಟ್ 1ರಂದು ಭೂತಗನ್ನಡಿಯಿಂದ ಪಾದರಸದ ಕೆಂಪು ಭಸ್ಮ ಕಾಯಿಸಿ ಹೊಸ ಗಾಳಿ ತೆಗೆದ. ಅದರಲ್ಲಿ ಮೇಣದಬತ್ತಿ ಭಗ್ಗನೆ ಉರಿಯಿತು. ಅದೇ ಆಕ್ಸಿಜನ್. ಅದರ ಅರ್ಥ ಬಿಡಿಸಿದವನು ಫ್ರಾನ್ಸಿನ ಲವಾಸಿಯೆ. ಪ್ರೀಸ್ಟ್ಲಿ ಮಾತ್ರ ಫ್ಲೋಜಿಸ್ಟನ್ ಎಂಬ ಹಳೆಯ ತಪ್ಪು ವಿಚಾರವನ್ನೇ ಸಾಯುವತನಕ ಬಿಡಲಿಲ್ಲ. ದೊಡ್ಡವರೂ ಎಡವುತ್ತಾರೆ.

ಉರಿದ ಮನೆ

ಧರ್ಮ, ರಾಜಕೀಯದ ವಿಚಾರದಲ್ಲಿ ಅವನು ಮುಚ್ಚಿಟ್ಟು ಮಾತಾಡಿದವನಲ್ಲ. ಫ್ರೆಂಚ್ ಕ್ರಾಂತಿಯನ್ನು ಬಹಿರಂಗವಾಗಿ ಬೆಂಬಲಿಸಿದ. 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕ್ರಾಂತಿಯ ನೆನಪಿನ ಔತಣ ನಡೆಯಿತು. ಪ್ರೀಸ್ಟ್ಲಿ ಅಲ್ಲಿಗೆ ಹೋಗಿರಲೇ ಇಲ್ಲ. ಆದರೂ ರೊಚ್ಚಿಗೆದ್ದ ಗುಂಪು ಅವನ ಮನೆ, ಗ್ರಂಥಗಳು, ಪ್ರಯೋಗಶಾಲೆ ಎಲ್ಲಕ್ಕೂ ಬೆಂಕಿ ಇಟ್ಟಿತು. ಗಂಡ ಹೆಂಡತಿ ಹೊತ್ತಿಗೆ ಸರಿಯಾಗಿ ಓಡಿ ಜೀವ ಉಳಿಸಿಕೊಂಡರು. ವರ್ಷಾನುವರ್ಷ ಬರೆದಿಟ್ಟ ಕಾಗದ ಒಂದೇ ರಾತ್ರಿಯಲ್ಲಿ ಬೂದಿ.

1794ರಲ್ಲಿ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾದ ನಾರ್ಥಂಬರ್ಲ್ಯಾಂಡ್‌ನಲ್ಲಿ ನೆಲೆಸಿದ. ಮರುವರ್ಷ ಮಗ ಹೆನ್ರಿ ತೀರಿಕೊಂಡ, 1796ರಲ್ಲಿ ಹೆಂಡತಿ ಮೇರಿ. ಇಷ್ಟಾದರೂ ಓದು, ಪ್ರಯೋಗ ನಿಲ್ಲಿಸಲಿಲ್ಲ. 1804ರ ಫೆಬ್ರುವರಿ 6ರಂದು ಅಲ್ಲೇ ಕಣ್ಣು ಮುಚ್ಚಿದ.

ಹಗೇವಿನ ಗಾಳಿ

ಅವನು ಭಟ್ಟಿಯಲ್ಲಿ ಕಂಡದ್ದು ನಮ್ಮ ಹಿರಿಯರಿಗೂ ಗೊತ್ತಿತ್ತು. ಜೋಳ ತುಂಬಿದ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಗಾಳಿ ಆಡಿದ ಮೇಲೆಯೇ ಇಳಿಯೋದು. ಒಳಗಿನ ಕಾಳು ಉಸಿರಾಡಿ ಬಿಟ್ಟ ಗ್ಯಾಸು ತಳದಲ್ಲಿ ತುಂಬಿರುತ್ತದೆ, ಆಕ್ಸಿಜನ್ ಕಡಿಮೆ ಆಗಿರುತ್ತದೆ. ಬಣ್ಣ ಇಲ್ಲ, ಕಣ್ಣಿಗೆ ಕಾಣೋದಿಲ್ಲ. ಇಳಿದವನು ಕುಸಿದರೆ, ಎತ್ತಲು ಹೋದವನೂ ಕುಸಿಯುತ್ತಾನೆ. ಹಳೇ ಬಾವಿ, ಗಟಾರ ಗುಂಡಿ, ಗ್ಯಾಸ್ ಸಿಲಿಂಡರ್ ಇಟ್ಟ ಕಿಟಕಿ ಇಲ್ಲದ ಕೋಣೆ, ಎಲ್ಲಕ್ಕೂ ಇದೇ ಮಾತು. ಸೋಡಾ ಮಷೀನ್ ಇಟ್ಟ ಅಂಗಡಿಕಾರರು ಸಿಲಿಂಡರನ್ನು ಗೋಡೆಗೆ ಚೈನ್ ಹಾಕಿ ನಿಲ್ಲಿಸಬೇಕು, ರೆಗ್ಯುಲೇಟರ್ ಇಲ್ಲದೆ ಗ್ಯಾಸ್ ಬಿಡಬಾರದು, ಕೋಣೆಗೆ ಗಾಳಿ ಆಡಲು ಬಿಡಬೇಕು.

ಮುಂದಿನ ಸಲ ಗೋಲಿ ಒತ್ತುವಾಗ ಆ ಪಾದ್ರಿಯನ್ನು ಒಮ್ಮೆ ನೆನೆಸಿಕೊಳ್ರಿ. ಗುಟ್ಟನ್ನು ಪುಕ್ಕಟೆ ಕೊಟ್ಟು ಹೋದವನು ಅವನು.