30 ವ್ಯಾಟ್ ಮೇಷ್ಟ್ರು ಮತ್ತು ಬೂದಿಕೋಟೆಯ ಕೇಬಲ್

ಡಿಜೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಗಣೇಶನ ಮೆರವಣಿಗೆಯ ಲಾರಿ, ಎದೆ ನಡುಗಿಸುವ ಸ್ಪೀಕರ್ ಬಾಕ್ಸುಗಳು. ಆದರೆ ಎಲೆಕ್ಟ್ರಾನಿಕ್ ಯಂತ್ರವೊಂದನ್ನ ಮನೆಯಲ್ಲಿಟ್ಟುಕೊಂಡು ಊರಿಗೆಲ್ಲ ಹಾಡು, ಮಾತು ಕೇಳಿಸಿದ ಕನ್ನಡ ನಾಡಿನ ಮೊದಲಿಗರು ಯಾರು ಅಂತ ಯಾರಾದರೂ ಕೇಳಿದರೆ, ನಾನು ಹೇಳೋದು ಮೈಸೂರಿನ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರ ಹೆಸರು: ಡಾ. ಎಂ.ವಿ. ಗೋಪಾಲಸ್ವಾಮಿ.

ರೇಡಿಯೊ ಅವರ ವಿಷಯವೇ ಅಲ್ಲ. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಮನಶ್ಶಾಸ್ತ್ರ ಓದಿ ಬಂದವರು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಆ ವಿಭಾಗ ಶುರುವಾದಾಗ ಅದನ್ನು ಕಟ್ಟುವ ಕೆಲಸ ಅವರ ಹೆಗಲಿಗೆ ಬಿತ್ತು. ಆಗ ಇಡೀ ದೇಶದಲ್ಲೇ ಈ ವಿಷಯ ಹೊಸತು. ಪಶ್ಚಿಮದ ಬುದ್ಧಿಮಾಪನ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದಿಸೋ ಪ್ರಯತ್ನ ಮಾಡಿದವರಲ್ಲಿ ಅವರೂ ಒಬ್ಬರು. ಅಷ್ಟಕ್ಕೇ ನಿಂತಿದ್ದರೂ ಅವರದು ದೊಡ್ಡ ಬದುಕೇ ಆಗಿರುತ್ತಿತ್ತು.

ಆದರೆ 1935ರ ಸೆಪ್ಟೆಂಬರ್ 10ರಂದು ಅವರ ಮನೆ ‘ವಿಠಲ ವಿಹಾರ’ವೇ ಒಂದು ಬಾನುಲಿ ನಿಲಯವಾಯಿತು. ಇದ್ದದ್ದು 30 ವ್ಯಾಟ್‌ನ ಪ್ರೇಷಕ. ನಮ್ಮ ಮನೆಯ ಸೀಲಿಂಗ್ ಫ್ಯಾನಿಗೆ ಬೇಕಾದ ಶಕ್ತಿಯ ಅರ್ಧದಷ್ಟೂ ಇಲ್ಲ. ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕುವೆಂಪು ಅವರ ದನಿ ಆ ಪುಟ್ಟ ಯಂತ್ರದಿಂದ ಗಾಳಿಗೆ ಹೋಯಿತು. ‘ಆಲ್ ಇಂಡಿಯಾ ರೇಡಿಯೊ’ ಅನ್ನೋ ಹೆಸರು ಹುಟ್ಟಿದ್ದು 1936ರ ಜೂನ್‌ನಲ್ಲಿ. ಅಂದರೆ ಆ ಹೆಸರಿಗಿಂತ ಮೇಷ್ಟ್ರ ಮನೆಯ ರೇಡಿಯೊ ಒಂಬತ್ತು ತಿಂಗಳು ಹಿರಿಯದು.

ಇದು ಶ್ರೀಮಂತರ ಶೋಕಿ ಅಂದುಕೊಳ್ಳಬೇಡಿ. ಬೊಂಬಾಯಿ, ಕಲಕತ್ತೆಗಳಲ್ಲಿ ಬಂಡವಾಳ ಹಾಕಿ ಶುರು ಮಾಡಿದ ರೇಡಿಯೊ ಕಂಪನಿ 1930ರಲ್ಲೇ ದಿವಾಳಿ ಎದ್ದಿತ್ತು. ಆಗ ಮನೆಯಲ್ಲಿ ರೇಡಿಯೊ ಪೆಟ್ಟಿಗೆ ಇದ್ದವರೇ ಕಡಿಮೆ. ಕೇಳೋರೇ ಇಲ್ಲದ ಮೇಲೆ ಆದಾಯ ಎಲ್ಲಿಂದ ಬರಬೇಕು? ಅಂಥ ಕಾಲದಲ್ಲಿ ಸಂಬಳದ ಮೇಲೆ ಬದುಕುವ ಮೇಷ್ಟ್ರೊಬ್ಬರು ಸಂಗೀತ, ಕಾವ್ಯ, ಉಪನ್ಯಾಸಗಳ ನಿಲಯವನ್ನು ವರ್ಷಗಟ್ಟಲೆ ನಡೆಸಿದರು. 1940ರ ದಶಕದ ಆರಂಭದಲ್ಲಿ ಅದು ಮೈಸೂರು ಸಂಸ್ಥಾನದ ಕೈಗೆ ಹೋಯಿತು, 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ. 1955ರ ನವೆಂಬರ್ 2ರಂದು ನಿಲಯವೇ ಬೆಂಗಳೂರಿಗೆ ಸ್ಥಳಾಂತರವಾಯಿತು.

ಆ ನಿಲಯದ ಹೆಸರು ‘ಆಕಾಶವಾಣಿ’. ಹೆಸರು ಹೊಳೆದದ್ದು ಗೋಪಾಲಸ್ವಾಮಿಗೆ ಅಂತ ಕೆಲವರು, ಅವರ ಜೊತೆಗಿದ್ದ ನಾ. ಕಸ್ತೂರಿಗೆ ಅಂತ ಕೆಲವರು ಹೇಳ್ತಾರೆ. ಯಾರದ್ದಾದರೂ ಆಗಲಿ, ಮೈಸೂರಿನ ಒಂದು ಮನೆಯ ಹೆಸರನ್ನ 1950ರ ದಶಕದಲ್ಲೇ ಇಡೀ ದೇಶದ ಸರ್ಕಾರಿ ರೇಡಿಯೊ ಇಟ್ಟುಕೊಂಡಿತು. ನನ್ನ ತಕರಾರು ಇರೋದು ಇಲ್ಲೇ. ಸರ್ಕಾರ ಮೇಷ್ಟ್ರಿಂದ ಹೆಸರು ತಗೊಂಡಿತು, ಅವರ ಐಡಿಯಾವನ್ನ ಬಿಟ್ಟುಬಿಟ್ಟಿತು. ಸಾಮಾನ್ಯ ಪ್ರಜೆಯೊಬ್ಬ ತನ್ನ ಮನೆಯಿಂದಲೇ ಊರಿನ ಜೊತೆ ಮಾತಾಡಬಹುದು ಅನ್ನೋದು ಆ ಐಡಿಯಾ.

ಅದನ್ನ ಬಿಟ್ಟದ್ದರಿಂದ ಏನಾಯಿತು ಅನ್ನೋದನ್ನ ನೋಡೋಕೆ ಕೋಲಾರದ ಕಡೆ ಬರಬೇಕು. ಬಂಗಾರಪೇಟೆ ತಾಲ್ಲೂಕಿನಲ್ಲಿ ಬೂದಿಕೋಟೆ ಇದೆ, ಹೈದರಾಲಿ ಹುಟ್ಟಿದ ಊರು. 2000ದ ದಶಕದ ಆರಂಭದಲ್ಲಿ ಅಲ್ಲಿನ ಸ್ವಸಹಾಯ ಸಂಘಗಳ ಹೆಂಗಸರು, ಯುವಕರು ‘ನಮ್ಮ ಧ್ವನಿ’ ಅಂತ ಒಂದು ರೇಡಿಯೊ ಶುರು ಮಾಡಿದರು. ವಾಯ್ಸಸ್, ಮೈರಾಡ ಸಂಸ್ಥೆಗಳು ಜೊತೆಗಿದ್ದವು, ಯುನೆಸ್ಕೊ ನೆರವೂ ಇತ್ತು. ಕಾರ್ಯಕ್ರಮ ಮಾಡೋದನ್ನ ಅವರೇ ಕಲಿತರು. ಆದರೆ ಅದನ್ನು ಗಾಳಿಗೆ ಬಿಡೋ ಹಾಗಿರಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಹಳ್ಳಿಯವರಿಗೆ ಪರವಾನಗಿ ಇರಲಿಲ್ಲ. ಕೊನೆಗೆ ಅವರು ಟಿವಿ ಕೇಬಲ್ಲಿನ ತಂತಿಯಲ್ಲೇ ದನಿ ಕಳಿಸಿದರು! ಎಪ್ಪತ್ತು ವರ್ಷಗಳ ಹಿಂದೆ ಮೇಷ್ಟ್ರು ತಂತಿಯ ಹಂಗಿಲ್ಲದೆ ಮಾಡಿದ್ದನ್ನ ಬೂದಿಕೋಟೆಯವರು ತಂತಿ ಹಿಡಿದು ಮಾಡಬೇಕಾಯಿತು. ಸಮುದಾಯ ಸಂಘಟನೆಗಳಿಗೆ ರೇಡಿಯೊ ಪರವಾನಗಿಯ ಬಾಗಿಲು ತೆರೆದದ್ದು 2006ರಲ್ಲಿ.

ತೆರೆದ ಬಾಗಿಲೂ ಅರ್ಧವೇ. ಸಮುದಾಯ ರೇಡಿಯೊ ಆಗಲಿ, ಖಾಸಗಿ ಎಫ್ಎಂ ಆಗಲಿ ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನೇ ಮರುಪ್ರಸಾರ ಮಾಡಬೇಕು. ಬೂದಿಕೋಟೆಯಿಂದ ಕೆಜಿಎಫ್ ದೂರವೇನಲ್ಲ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಅಲ್ಲಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲೇ ಚಿನ್ನದ ಗಣಿಗೆ! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈನೈಡ್ ಗುಡ್ಡಗಳು ಅಲ್ಲೇ ಉಳಿದವು. ಗಾಳಿ ಬೀಸಿದಾಗಲೆಲ್ಲ ಅದರ ಧೂಳು ಮನೆಗಳಿಗೆ ನುಗ್ಗುತ್ತೆ. ಈಗ ಆ ಊರಿನ ಹುಡುಗರು ಒಂದು ಸಮುದಾಯ ರೇಡಿಯೊ ಮಾಡಿದರು ಅಂತಿಟ್ಟುಕೊಳ್ಳಿ. ನಾಳೆ ನಲ್ಲಿ ನೀರು ಬರಲ್ಲ ಅಂತ ಹೇಳಬಹುದು, ಯಾಕೆ ಬರಲ್ಲ ಅಂತ ಕೆದಕಿ ಸುದ್ದಿ ಮಾಡೋ ಹಾಗಿಲ್ಲ. ಧೂಳು ಬರೋ ದಿನ ಕಿಟಕಿ ಮುಚ್ಚಿ ಅನ್ನಬಹುದು, ಆ ಗುಡ್ಡಗಳಿಗೆ ಯಾರು ಹೊಣೆ ಅನ್ನೋದನ್ನ ಸುದ್ದಿಯಾಗಿ ಓದೋ ಹಾಗಿಲ್ಲ.

ಯೂಟ್ಯೂಬ್ ಇದೆಯಲ್ಲ, ರೇಡಿಯೊ ಯಾರಿಗೆ ಬೇಕು ಅನ್ನೋರಿದ್ದಾರೆ. ಯೂಟ್ಯೂಬಿಗೆ ಡೇಟಾ ಬೇಕು, ಯಾರಿಗೆ ಏನು ತೋರಿಸಬೇಕು ಅನ್ನೋದನ್ನ ತೀರ್ಮಾನಿಸೋದು ದೂರದ ಕಂಪನಿ. ರೇಡಿಯೊಗೆ ಅಗ್ಗದ ಒಂದು ಪೆಟ್ಟಿಗೆ ಸಾಕು, ಅದನ್ನ ನಡೆಸೋರು ಪಕ್ಕದ ಬೀದಿಯವರು.

ಮೇಷ್ಟ್ರ ಹೆಸರಲ್ಲಿ ಪ್ರತಿಮೆಯನ್ನೋ ರಸ್ತೆಯನ್ನೋ ಕೇಳೋಕೆ ನಾನು ಇದನ್ನ ಬರೀತಿಲ್ಲ. ಕೇಳಬೇಕಾದದ್ದು ಒಂದೇ: ಸಮುದಾಯ ರೇಡಿಯೊಗಳಿಗೆ ತಮ್ಮೂರಿನ ಸುದ್ದಿಯನ್ನ ತಾವೇ ಹೇಳೋ ಹಕ್ಕು. ನಿಮ್ಮ ಕ್ಷೇತ್ರದ ಸಂಸದರು ಮುಂದಿನ ಸಲ ಸಿಕ್ಕಾಗ ಈ ಪ್ರಶ್ನೆ ಕೇಳಿ. 1935ರಲ್ಲಿ, ರಾಜರ ಆಳ್ವಿಕೆಯಲ್ಲಿ, ಮೇಷ್ಟ್ರೊಬ್ಬರು ತಮ್ಮ ಮನೆಯಲ್ಲೇ ಕೂತು ಊರಿನೊಂದಿಗೆ ಮಾತಾಡಿದರು. ಪ್ರಜಾಪ್ರಭುತ್ವದಲ್ಲಿ ಕೆಜಿಎಫ್‌ನ ಮಕ್ಕಳು ಅಷ್ಟನ್ನಾದರೂ ಮಾಡೋ ಹಾಗಿರಬೇಕಲ್ಲವೇ?