ಕೇಳುವವರಿಲ್ಲದ ಸಾಲ

ಗರಿಯಾಹಾಟಿನ ಚೌಕದಿಂದ ರಾಸಬಿಹಾರಿ ಅವೆನ್ಯೂ ಹಿಡಿದು ಪಶ್ಚಿಮಕ್ಕೆ ಹೋದರೆ, ದೇಶಪ್ರಿಯ ಪಾರ್ಕು ದಾಟಿ, ಕಡೆಗೆ ಆದಿಗಂಗೆಯ ದಡದ ಕೇವಡಾತಲಾ ಶ್ಮಶಾನ ಸಿಕ್ಕುತ್ತದೆ. ಅಲ್ಲಿ ದೇಶಬಂಧು ಚಿತ್ತರಂಜನ ದಾಸರ ಸ್ಮಾರಕವಿದೆ. ಸಂತೆ ಸಾಮಾನಿಗೆಂದು ಈ ದಾರಿಯಲ್ಲಿ ಓಡಾಡುವ ನಮ್ಮ ಕನ್ನಡ ಬಂಧುಗಳಿಗೆ ಅವರು ದೊಡ್ಡ ರಾಷ್ಟ್ರನಾಯಕರೆಂದು ಗೊತ್ತು. ಅವರ ಬಾಳಿನ ಸಾಲದ ಕತೆ ಮಾತ್ರ ಅಷ್ಟಾಗಿ ಬಳಕೆಯಲ್ಲಿಲ್ಲ.

ದಾಸರು ಹುಟ್ಟಿದ್ದು 1870ರ ನವೆಂಬರ್ 5ರಂದು, ಇದೇ ಕಲ್ಕತ್ತೆಯಲ್ಲಿ. ಮನೆತನ ಢಾಕಾ ಸೀಮೆಯ ವಿಕ್ರಮಪುರದ್ದು. ತಂದೆ ಭುವನಮೋಹನರು ಸಾಲಿಸಿಟರ್, ಬ್ರಾಹ್ಮಸಮಾಜದವರು, ಕೈ ಬಲು ಧಾರಾಳ. ಬೇಡಿದವರಿಗೆ ಇಲ್ಲವೆನ್ನದೆ, ಸ್ನೇಹಿತರ ಸಾಲಕ್ಕೆ ಹೊಣೆ ನಿಂತು, ಕೊನೆಗೆ ತಾವೇ ಸಾಲದಲ್ಲಿ ಮುಳುಗಿದರು. ಮಗ ವಿಲಾಯಿತಿಗೆ ಹೋಗಿ ಐ.ಸಿ.ಎಸ್. ಪರೀಕ್ಷೆಯಲ್ಲಿ ಸೋತು, ಬ್ಯಾರಿಸ್ಟರಾಗಿ ಮರಳಿದಾಗ ಮನೆಯಲ್ಲಿ ಕಾದಿದ್ದುದು ಈ ಹೊರೆಯೇ. ತಂದೆಯ ಜೊತೆಗೆ ತಾವೂ ಪತ್ರಗಳಿಗೆ ರುಜು ಹಾಕಿದರು. ವಕೀಲಿಯೋ ಕುಂಟುತ್ತಿತ್ತು. 1906ರಲ್ಲಿ ತಂದೆ ಮಕ್ಕಳಿಬ್ಬರೂ ನ್ಯಾಯಾಲಯದಲ್ಲಿ ದಿವಾಳಿಯೆಂದು ಒಪ್ಪಿಕೊಳ್ಳಬೇಕಾಯಿತು. ಮಾನವಂತರ ಮನೆಗೆ ಅದೆಂಥ ಪೆಟ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ವರ್ಷದ ಮೇಲೆ ಅಲೀಪುರದ ಬಾಂಬ್ ಮೊಕದ್ದಮೆ ಬಂತು. ಅರವಿಂದ ಘೋಷರ ಪರವಾಗಿ ದಾಸರು ತಿಂಗಳುಗಟ್ಟಲೆ ವಾದಿಸಿದರು. 1909ರ ಮೇ ತಿಂಗಳಲ್ಲಿ ಅರವಿಂದರು ಬಿಡುಗಡೆಯಾದರು. ಆ ಮೊಕದ್ದಮೆಯಿಂದ ಹಣವೇನೂ ಬರಲಿಲ್ಲ, ಹೆಸರು ಬಂತು. ಹೆಸರಿನ ಹಿಂದೆ ಕಕ್ಷಿಗಾರರು ಬಂದರು.

ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ದಾಸರು ಮಾಡಿದ್ದೇನು? 1913ರಲ್ಲಿ ಹಳೆಯ ಸಾಲವನ್ನೆಲ್ಲ ತೀರಿಸಿ, ದಿವಾಳಿಯ ಆಜ್ಞೆಯನ್ನು ರದ್ದು ಮಾಡಬೇಕೆಂದು ತಾವಾಗಿಯೇ ನ್ಯಾಯಾಲಯಕ್ಕೆ ಹೋದರು. ಕಾಯಿದೆಯ ಕಣ್ಣಿನಲ್ಲಿ ಆ ಸಾಲಕ್ಕೆ ಬೆಲೆಯಿರಲಿಲ್ಲ. ಯಾವ ಸಾಹುಕಾರನೂ ದಾವೆ ಹೂಡುವಂತಿರಲಿಲ್ಲ. ಸುಮ್ಮನಿದ್ದರೆ ಬೆರಳು ಮಾಡಿ ತೋರಿಸುವವರೂ ಇರಲಿಲ್ಲ. ಇಂಥದೊಂದು ಅರ್ಜಿ ತಮ್ಮೆದುರಿಗೆ ಬಂದದ್ದನ್ನು ಕಂಡು ನ್ಯಾಯಾಧೀಶ ಫ್ಲೆಚರರೇ ಬೆರಗಾಗಿ ಮೆಚ್ಚಿದರಂತೆ.

1920ರ ನಾಗಪುರ ಕಾಂಗ್ರೆಸ್ಸಿನ ತರುವಾಯ ಅವರು ರಾಜಭೋಗದ ವಕೀಲಿಯನ್ನು ಒದ್ದು ಬಂದದ್ದನ್ನು ದೇಶವೆಲ್ಲ ಕೊಂಡಾಡುತ್ತದೆ. ಕೊಂಡಾಡತಕ್ಕದ್ದೇ. ಆದರೆ ನನ್ನನ್ನು ಕೇಳಿದರೆ 1913ರ ಕೆಲಸವೇ ಒಂದು ತೂಕ ಹೆಚ್ಚು. ತ್ಯಾಗಕ್ಕೆ ಸಭೆ ಕೂಡುತ್ತದೆ, ಹೂಮಾಲೆ ಬೀಳುತ್ತದೆ. ಸಾಲ ತೀರಿಸಿದವನಿಗೆ ಸಿಕ್ಕುವುದು ಬರೀ ರಸೀದಿ. ಹೆದರಿಕೆಯಿಲ್ಲದೆ, ಆಸೆಯಿಲ್ಲದೆ ಅವರನ್ನು ಅತ್ತ ಎಳೆದದ್ದು ಸತ್ಯವೊಂದೇ. ಹಸಿದ ಕರು ಹಟ್ಟಿಯ ಕಡೆಗೆ ಹೋಗುವುದಕ್ಕೆ ಯಾರಾದರೂ ದಾರಿ ತೋರಿಸುತ್ತಾರೆಯೆ?

ಜನವೂ ಅಷ್ಟೇ ಸಹಜವಾಗಿ ಅವರನ್ನು ನಂಬಿತು. 1921ರಲ್ಲಿ ಸೆರೆಮನೆ, 1922ರಲ್ಲಿ ಗಯೆಯ ಕಾಂಗ್ರೆಸ್ಸಿನ ಅಧ್ಯಕ್ಷತೆ, 1924ರಲ್ಲಿ ಕಲ್ಕತ್ತೆಯ ಮೊದಲ ಮೇಯರ್ ಪದವಿ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಕೂಡಿದಾಗ ದಾಸರೂ ಕನ್ನಡ ನೆಲಕ್ಕೆ ಬಂದಿದ್ದರು. ಮೈ ಆಗಲೇ ಸೋತಿತ್ತು.

1925ರ ಜೂನ್ 16ರಂದು ಡಾರ್ಜಿಲಿಂಗಿನಲ್ಲಿ ತೀರಿಕೊಂಡರು. ಶವ ಕಲ್ಕತ್ತೆಗೆ ಬಂದಾಗ ಕೇವಡಾತಲಾವರೆಗೆ ಜನಸಾಗರ, ಮುಂದೆ ಗಾಂಧೀಜಿ. ದಾಸರು ಭವಾನೀಪುರದ ಸ್ವಂತ ಮನೆಯನ್ನು ಮೊದಲೇ ಸಾರ್ವಜನಿಕರಿಗೆ ಬರೆದುಕೊಟ್ಟಿದ್ದರು. ಆದರೆ ಅದರ ಮೇಲೆ ಸಾಲವಿತ್ತು. ಗಾಂಧೀಜಿ ಬಂಗಾಳದಲ್ಲೇ ನಿಂತು ಹತ್ತು ಲಕ್ಷದ ಸ್ಮಾರಕನಿಧಿಗೆ ಜೋಳಿಗೆ ಹಿಡಿದರು. ಮರುವರ್ಷ ಆ ಮನೆಯಲ್ಲಿ ಹೆಂಗಸರಿಗಾಗಿ ಚಿತ್ತರಂಜನ ಸೇವಾಸದನ ತೆರೆಯಿತು.